ಬುಧವಾರದ ಲವಂಗ

ರುದ್ರವ್ವನಿಗೆ ಸಂಶಯ ಬರಲು ಕಾರಣ ಬೇಕಿರಲಿಲ್ಲ. ಸಂಶಯ ಮೊದಲು ಬರುತ್ತಿತ್ತು, ಕಾರಣವನ್ನು ಆಮೇಲೆ ಪುರುಸೊತ್ತಿನಲ್ಲಿ ಹುಡುಕಿಕೊಳ್ಳುತ್ತಿದ್ದಳು. ಹಾಲಿನವನು ನಗುತ್ತ ಹಾಲು ಕೊಟ್ಟರೆ ನೀರು ಬೆರೆಸಿದ್ದಾನೆ. ಮುಖ ಗಂಟು ಹಾಕಿಕೊಂಡು ಕೊಟ್ಟರೆ ನೀರಿನ ಜೊತೆ ಇನ್ನೇನೋ ಬೆರೆಸಿದ್ದಾನೆ. ವಿಕ್ರೋಳಿಯ ಅವರ ಬಿಲ್ಡಿಂಗಿಗೆ ಹೊಸ ವಾಚಮನ್ ಬಂದರೆ ಅವನ ಊರು ಯಾವುದು, ಹೆಂಡತಿಯ ಊರು ಯಾವುದು, ಮಧ್ಯೆ ಎಷ್ಟು ದೂರ ಎಂದೆಲ್ಲ ಕೇಳಿ, ಮರುದಿನ ಅದನ್ನೇ ತಿರುಗಿ ಕೇಳಿ ಉತ್ತರ ತಾಳೆಯಾಗುತ್ತದೋ ನೋಡುವವಳು. ಟಿವಿಯಲ್ಲಿ ಮಳೆ ಬರುತ್ತದೆ ಎಂದರೆ ಸಾಕು, ಹಠಕ್ಕೆ ಬಿದ್ದವಳಂತೆ ಹಾಸಿಗೆ ಬಟ್ಟೆಯನ್ನೆಲ್ಲ ಒಗೆದು ಗ್ಯಾಲರಿಯಲ್ಲಿ ಒಣಗಹಾಕುತ್ತಿದ್ದಳು. ಒಮ್ಮೊಮ್ಮೆ ಅವಳೇ ಗೆಲ್ಲುತ್ತಿದ್ದಳು ಎನ್ನುವುದೇ ತೊಂದರೆಯಾಗಿದ್ದು.

ಎಲ್ಲಕ್ಕಿಂತ ದೊಡ್ಡ ಸಂಶಯವೆಂದರೆ ಊಟದ್ದು. ಲಿಂಗಪೂಜೆಯ ಮನೆ, ದೇವರ ಜಗಲಿ ಅಡುಗೆಮನೆಯ ಗೋಡೆಗೇ ಅಂಟಿಕೊಂಡಿದೆ. ಬಿಸ್ಕಿಟ್ ಪುಡಿಕೆಯ ಮೇಲಿನ ಹಸಿರು ಚುಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿಯೇ ಒಳಗೆ ಬಿಡುತ್ತಿದ್ದಳು. ಚುಕ್ಕೆಯನ್ನು ಕಂಪನಿಯವರು ಸುಮ್ಮನೆ ಹಚ್ಚಿರಬಹುದಲ್ಲ ಎಂಬ ಅನುಮಾನ ಆಮೇಲೂ ಉಳಿಯುತ್ತಿತ್ತು. ಮಗಳು ಸೌಮ್ಯಾ ಚಿಕ್ಕವಳಿದ್ದಾಗ ಹುಟ್ಟುಹಬ್ಬಕ್ಕೆ ಕೇಕು ತರಬೇಕೆಂದರೆ ಬೇಕರಿಯವನ ಕೈಯಲ್ಲಿ ಅವನ ತಾಯಿಯ ಆಣೆ ಹಾಕಿಸುತ್ತಿದ್ದಳು. ಅವಳ ಸ್ವಂತ ತಮ್ಮ ಸಿದ್ದಲಿಂಗಪ್ಪ ಒಮ್ಮೆ ಊರಿಂದ ಬಂದವನು, ಗೆಳೆಯನ ಮದುವೆಯಲ್ಲಿ ಅದೇನೋ ತಿಂದೆ ಎಂದು ಚೇಷ್ಟೆಗೆ ಬಾಯಿಬಿಟ್ಟ. ಅಷ್ಟೇ. ಅವನಿಗೆ ಗ್ಯಾಲರಿಯಲ್ಲಿ ಕಾಗದದ ತಾಟು ಹಾಕಿ ಊಟ ಬಡಿಸಿದಳು. ಹುಡುಗ ತಲೆ ತಗ್ಗಿಸಿ ಉಂಡು ಎದ್ದು ಹೋದ, ಮತ್ತೆ ಮುಂಬೈ ಕಡೆ ತಲೆ ಹಾಕಲಿಲ್ಲ. ಉಳಿದ ಕಾಗದದ ತಾಟುಗಳು ಕಪಾಟಿನ ಮೇಲೆ ಹಾಗೇ ಇದ್ದವು. ಅವಳ ಗಂಡ ಮುರಿಗೆಪ್ಪ ಅಂದು ಒಂದು ಮಾತೂ ಆಡದೆ ತನ್ನ ಸ್ಟೀಲಿನ ತಾಟಿನಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದ.

ಈ ಮುರಿಗೆಪ್ಪನದೂ ಒಂದು ಕಥೆ. ಊರ ಮಠದ ಸ್ವಾಮಿಗಳ ಹೆಸರನ್ನು ಅವನಿಗೆ ಭಕ್ತಿಯಿಂದ ಇಟ್ಟಿದ್ದರು. ಮುಂಬೈಯಲ್ಲಿ ಅದು ಯಾರ ನಾಲಿಗೆಗೂ ಹೊರಳದೆ, ವಿಕ್ರೋಳಿಯ ಫ್ಯಾಕ್ಟರಿಯ ಸ್ಟೋರಿನಲ್ಲಿ ಸೇರಿದ ವಾರಕ್ಕೇ ‘ಮುರ್ಗಿ’ ಆಯಿತು. ಹಿಂದಿಯಲ್ಲಿ ಕೋಳಿ. ಕೋಳಿಯ ನೆರಳೂ ಮುಟ್ಟದ ಮನೆಯ ಯಜಮಾನನನ್ನು ಇಡೀ ಫ್ಯಾಕ್ಟರಿ ನಿವೃತ್ತಿಯ ದಿನದವರೆಗೆ ಮುರ್ಗಿ ಸಾಬ್ ಎಂದೇ ಕರೆಯಿತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅವನು ಯಾವುದಕ್ಕೂ ಬೇಜಾರು ಮಾಡಿಕೊಳ್ಳುವ ಪೈಕಿ ಅಲ್ಲ.

ಮದುವೆಯಾಗಿ ವಿಜಯಪುರದ ಕಡೆಯಿಂದ ಬಂದಾಗ ಅವರು ಇದ್ದದ್ದು ಕುರ್ಲಾದ ಒಂದು ಚಾಳಿನಲ್ಲಿ. ಪಕ್ಕದ ಖೋಲಿಯಲ್ಲಿ ಅಬ್ದುಲ್ ಮತ್ತು ಅವನ ಹೆಂಡತಿ ಗುಲಶನ. ಅವರೂ ವಿಜಯಪುರದವರೇ, ಅಬ್ದುಲ್ ಮುರಿಗೆಪ್ಪನ ಜೊತೆಗೇ ಫ್ಯಾಕ್ಟರಿಗೆ ಹೋಗುವವನು. ಗುಲಶನ ಒಂದು ಕೋಳಿ ಸಾಕಿದ್ದಳು. ಒಂದು ಬೆಳಿಗ್ಗೆ ಆ ಕೋಳಿ ಬಂದು, ಹೊಸ ಮದುಮಗಳು ರಂಗೋಲಿ ಹಾಕಿದ ಹೊಸ್ತಿಲ ಮೇಲೆಯೇ ಮೊಟ್ಟೆ ಇಟ್ಟು ಹೋಯಿತು. ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ರುದ್ರವ್ವ ಹೊಸದಾಗಿ ಕಲಿತ ಹಿಂದಿಯಲ್ಲಿ, ನಮ್ಮ ಬಾಗಿಲಲ್ಲಿ ಯಾರೋ ತತ್ತಿ ಹಾಕಿದ್ದಾರೆ ಎಂದು ಚಾಳು ಹಾರಿಹೋಗುವ ಹಾಗೆ ಕೂಗಿದಳು. ಹಿಂದಿಯವರ ಕಿವಿಗೆ ಆ ಶಬ್ದ ಬೇರೆಯೇ ಒಂದು ಹೊಲಸಿನ ಹೆಸರಾಗಿ ಬಿತ್ತು. ಚಾಳಿಗೆ ಚಾಳೇ ಕಸಬರಿಗೆ, ಬಕೆಟ್ಟು, ಮೂಗಿಗೆ ಬಟ್ಟೆ ಹಿಡಿದು ಓಡಿ ಬಂತು. ಯಾರ ಮಗು ಮಾಡಿದ್ದು ಎಂದು ಇಬ್ಬರು ಹೆಂಗಸರು ಆಗಲೇ ಜಡೆ ಹಿಡಿಯುವ ಹಂತಕ್ಕೆ ಹೋಗಿದ್ದರು. ನೋಡಿದರೆ ರಂಗೋಲಿಯ ನಡುವೆ ಬೆಳ್ಳಗೆ ಒಂದು ಮೊಟ್ಟೆ.

ಮುರಿಗೆಪ್ಪ ಗೋಡೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ನೆಲಕ್ಕೆ ಕುಸಿದ, ಕಣ್ಣಲ್ಲಿ ನೀರು ಬಂತು. ಅದು ಗೂಡಿನಿಂದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದ ಹಾಗೆ ಪಟಪಟ ಎನ್ನುವ ನಗು. ಮೊದಲು ಸಿಟ್ಟಾದ ರುದ್ರವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಡ ಹೆಂಡತಿ ಕೂಡಿ ನಕ್ಕದ್ದು ಅದೇ ಮೊದಲು. ಇಂಥವನ ಜೊತೆ ಬಾಳುವೆ ಸಾಗುತ್ತದೆ ಎಂದು ಅವಳಿಗೆ ಧೈರ್ಯ ಬಂದದ್ದೂ ಅಂದೇ.

ಆಮೇಲೆ ವಿಕ್ರೋಳಿಯ ಬಿಲ್ಡಿಂಗಿಗೆ ಬಂದರು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಬ್ದುಲ್ ತನ್ನ ಗಂಡನಿಗೆ ಏನಾದರೂ ತಿನ್ನಿಸಿಯಾನು ಎಂದು ರುದ್ರವ್ವನಿಗೆ ಅನುಮಾನ ಹೊಕ್ಕಿತು. ಗುಲಶನಳ ಮನೆಗೆ ಹೋಗಿ ಬರುವುದು ನಿಂತಿತು. ಮುರಿಗೆಪ್ಪನ ಡಬ್ಬಿ, ಜೇಬು, ಅಂಗಿಯ ತೋಳು ದಿನಾ ತಪಾಸಣೆಗೆ ಒಳಗಾದವು. ಏನೂ ಸಿಗಲಿಲ್ಲ. ಅವನಿಗಿದ್ದ ಒಂದೇ ಚಟವೆಂದರೆ ಲವಂಗ. ಹಲ್ಲುನೋವು ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಫ್ಯಾಕ್ಟರಿಗೆ ಹೊರಟಾಗ ಎರಡು ಲವಂಗ ಕಾಗದದಲ್ಲಿ ಸುತ್ತಿ ಅವನ ಎದೆಯ ಜೇಬಿಗೆ ಹಾಕುವುದು ರುದ್ರವ್ವನ ಕೆಲಸ. ಹಾಕುವಾಗ ಜೇಬಿನ ಮೇಲೆ ಒಮ್ಮೆ ಕೈ ಒತ್ತುತ್ತಿದ್ದಳು. ಅವರಿಬ್ಬರ ನಡುವೆ ಪ್ರೀತಿ ಎಂದು ಬಾಯಿಬಿಟ್ಟು ಹೇಳಿಕೊಳ್ಳದೆ ನಡೆದದ್ದು ಅದೊಂದೇ. ಅವನ ಹಲ್ಲಿಗಾಗಿ ಊರ ದೇವರಿಗೆ ಹರಕೆಯನ್ನೂ ಹೊತ್ತಿದ್ದಳು.

ನಿವೃತ್ತಿಯಾದ ಮೇಲೆ ಮುರಿಗೆಪ್ಪ ಮಂಕಾದ. ಸೌಮ್ಯಾ ಮದುವೆಯಾಗಿ ಡೊಂಬಿವಲಿಗೆ ಹೋಗಿದ್ದಳು. ಅಬ್ದುಲ್ ಹೆಂಡತಿಯನ್ನು ಕರೆದುಕೊಂಡು ವಿಜಯಪುರಕ್ಕೆ ವಾಪಸಾಗಿದ್ದ. ಮನೆಯಲ್ಲಿ ಇಬ್ಬರೇ. ಹೂಂ, ಉಹೂಂ, ಆತು ಎಂಬ ಮೂರು ಮಾತಿನಲ್ಲಿ ಅವನ ದಿನ ಮುಗಿಯುತ್ತಿತ್ತು. ಅವನು ಕಡೆಯ ಸಲ ನಕ್ಕದ್ದು ಯಾವಾಗ ಎಂದು ರುದ್ರವ್ವ ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಹೀಗಿರುವಾಗ ಅವನು ಬುಧವಾರ ಬುಧವಾರ ಹೊರಗೆ ಹೋಗತೊಡಗಿದ. ಹನ್ನೊಂದಕ್ಕೆ ಇಸ್ತ್ರಿಯ ಅಂಗಿ ತೊಟ್ಟು ಹೊರಟರೆ ಬರುವುದು ನಾಲ್ಕಕ್ಕೆ. ಬಂದವನಿಗೆ ಹಸಿವೆ ಇರುತ್ತಿರಲಿಲ್ಲ. ಎಲ್ಲಿಗೆ ಎಂದರೆ ಗಾಳಿ ಸೇವನೆ. ಮುಂಬೈಯಲ್ಲಿ ಮಟಮಟ ಮಧ್ಯಾಹ್ನ ಯಾವ ಗಾಳಿ? ಇನ್ನೂ ದೊಡ್ಡ ಸಂಗತಿಯೆಂದರೆ, ನಿವೃತ್ತಿಯ ಮೇಲೆ ನಿಂತುಹೋಗಿದ್ದ ಹಲ್ಲುನೋವು ತಿರುಗಿ ಬಂದಿತ್ತು, ಅದೂ ಬುಧವಾರ ಮಾತ್ರ. ಮಂಗಳವಾರ ಹುರಿಗಡಲೆ ಕಟಕಟ ಅಗಿಯುವ ಮನುಷ್ಯ ಬುಧವಾರ ಬೆಳಿಗ್ಗೆ ಕೆನ್ನೆ ಹಿಡಿದುಕೊಂಡು ಲವಂಗ ಕೇಳುತ್ತಿದ್ದ. ವಾರ ನೋಡಿ ಬರುವ ಹಲ್ಲುನೋವನ್ನು ರುದ್ರವ್ವ ಕಂಡಿರಲಿಲ್ಲ. ಲವಂಗ ಕೊಟ್ಟಳು, ಆದರೆ ಜೇಬಿನ ಮೇಲೆ ಕೈ ಒತ್ತುವುದನ್ನು ಬಿಟ್ಟಳು.

ಒಂದು ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಗ್ಯಾಲರಿಯಲ್ಲಿ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬಡಿಯುವ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವನಿಗೆ ಗೊತ್ತಾಗುತ್ತದೆ. ಸದ್ದು ಸಣ್ಣ ಮಾಡಿಕೊಂಡು ಕಿವಿ ಆ ಕಡೆ ಇಟ್ಟಳು. ಬುಧವಾರ ಬರ್ತೀನವಾ, ಓಂ ರೈಸ್ ಇರ್ಲಿ, ಎಂದ. ಆಮೇಲೆ ಮೆಲ್ಲಗೆ ಏನೋ ಹೇಳಿದ. ಆ ಕಡೆಯದು ಹೆಂಗಸಿನ ದನಿ.

ಓಂ ರೈಸ್. ಓಂ ಎಂದರೆ ಶಿವನ ಮಂತ್ರ, ರೈಸ್ ಎಂದರೆ ಅನ್ನ. ಅಕ್ಕಿಯ ಅಂಗಡಿಯೇ? ಜೋಳದ ರೊಟ್ಟಿಯ ಮನುಷ್ಯನಿಗೆ ವಾರವಾರ ಅಕ್ಕಿ ಅಂಗಡಿಯಲ್ಲಿ ಏನು ಕೆಲಸ? ಎದುರು ಬಾಗಿಲಿನ ಸೇವಂತಿಗೆ ಹೇಳಿದಳು. ಸೇವಂತಿ ಮರಾಠಿಯವಳು, ಒಳ್ಳೆಯವಳು, ಆದರೆ ಇದ್ದ ಬೆಂಕಿಗೆ ತುಪ್ಪ ಸುರಿಯದೆ ಅವಳಿಗೆ ನಿದ್ದೆ ಬಾರದು. ಅದು ಸತ್ಸಂಗವೇ ಇರಬೇಕು ಎಂದಳು ಅವಳು. ಹಿಂಗೇ ಓಂ ಓಂ ಎನ್ನುತ್ತ ಕೂರಿಸುತ್ತಾರೆ, ಪ್ರಸಾದದ ಅನ್ನ ಹಾಕುತ್ತಾರೆ, ಬಿಳಿ ಸೀರೆಯವಳೊಬ್ಬಳು ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ತನ್ನ ಭಾವನ ಗೆಳೆಯನೊಬ್ಬ ಹಾಗೇ ಹೋಗಿ ಹೋಗಿ ಕಡೆಗೆ ಹೆಂಡತಿಯನ್ನು ತಾಯಿ ಎಂದು ಕರೆಯತೊಡಗಿದ ಎಂದೂ ಸೇರಿಸಿದಳು.

ಆ ಬುಧವಾರ ಅವನು ಬಂದು ಅಂಗಿ ಕಳಚಿಟ್ಟ ಕೂಡಲೇ ಎತ್ತಿಕೊಂಡು ಬಚ್ಚಲಿಗೆ ಹೋದಳು. ಎದೆಯ ಹತ್ತಿರ ಒಂದು ಕೆಂಪು ಕಲೆ. ಕುಂಕುಮವೇ? ಮೂಸಿದಳು. ಲವಂಗದ ವಾಸನೆ, ಅದರ ಅಡಿಗೆ ಬೆಣ್ಣೆ, ಬೆಣ್ಣೆಯ ಅಡಿಗೆ ಮತ್ತೊಂದು ವಾಸನೆ, ಮೂಗಿಗೆ ಸಿಕ್ಕೂ ಸಿಗದ್ದು. ತಡೆಯಲಾರದೆ ಕಲೆಗೆ ಬೆರಳು ಒತ್ತಿ ನಾಲಿಗೆಗೆ ಹಚ್ಚಿದಳು. ಹುಳಿ, ಸಿಹಿ. ಟೊಮ್ಯಾಟೊ ಸಾಸ್. ಸಾಸ್ ಹಾಕುವ ಸತ್ಸಂಗ ಯಾವುದು? ತಲೆಯಲ್ಲಿ ಬಿಟ್ಟ ಹುಳ ವಾರವಿಡೀ ಕೊರೆಯಿತು. ಬೇರೆ ಹೆಂಗಸಿನ ಕೈಯ ಅಡುಗೆ ಉಂಡು ಬರುತ್ತಿದ್ದಾನೆ ಎಂಬುದಂತೂ ಖರೆ. ಅದೇ ಅವಳಿಗೆ ಸಹಿಸಲು ಆಗದ್ದು. ಇಷ್ಟು ವರ್ಷ ಅವನ ಹೊಟ್ಟೆಗೆ ಹೋದ ಒಂದೊಂದು ತುತ್ತೂ ತನ್ನ ಕೈಯದು ಎಂದು ತಿಳಿದೇ ಅವಳು ಮುಂಬೈಯಲ್ಲಿ ಎದೆ ಸೆಟೆಸಿ ನಡೆದವಳು. ಅದೂ ಹೋದರೆ ತನ್ನ ಹತ್ತಿರ ಉಳಿಯುವುದೇನು ಎಂದು ಒಲೆಯ ಮುಂದೆ ಕೂತು ಒಬ್ಬಳೇ ಅತ್ತಳು.

ಮುಂದಿನ ಬುಧವಾರ ಅವನ ಬೆನ್ನು ಹತ್ತಿದಳು. ಮುಖಕ್ಕೆ ಮಾಸ್ಕು, ಕಣ್ಣಿಗೆ ಸೌಮ್ಯಾ ಬಿಟ್ಟುಹೋದ ಕಪ್ಪು ಗಾಗಲು, ಮೈಮೇಲೆ ಅವನು ಎಂದೂ ನೋಡದ ಸೇವಂತಿಯ ಸೀರೆ. ಅವನು ವಿಕ್ರೋಳಿಯಲ್ಲಿ ಲೋಕಲ್ ಹತ್ತಿ ಘಾಟ್ಕೋಪರಿನಲ್ಲಿ ಇಳಿದ. ಅಲ್ಲಿಂದ ಮೆಟ್ರೊದಲ್ಲಿ ಅಂಧೇರಿ, ಅಂಧೇರಿಯಿಂದ ಮತ್ತೆ ಲೋಕಲ್. ರುದ್ರವ್ವ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಜೋತು ಬಿದ್ದು ಪ್ರತಿ ಸ್ಟೇಷನ್ನಿನಲ್ಲೂ ಕತ್ತು ಹೊರಗೆ ಹಾಕಿದಳು. ಮಲಾಡ್‌ನಲ್ಲಿ ಅವನು ಇಳಿದ, ಇವಳೂ ಇಳಿದಳು. ಅವನು ಹತ್ತಿದ ರಿಕ್ಷಾದ ಹಿಂದೆ ಬಿಡು ಎಂದು ಇನ್ನೊಂದು ರಿಕ್ಷಾದವನಿಗೆ ಹೇಳಿದಾಗ ಅವನು ಕನ್ನಡಿಯಲ್ಲಿ ಇವಳನ್ನೇ ಸಂಶಯದಿಂದ ನೋಡಿದ. ತನ್ನನ್ನು ಯಾರಾದರೂ ಹಾಗೆ ನೋಡಿದರೆ ಹೇಗಿರುತ್ತದೆಂದು ರುದ್ರವ್ವನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಆಫೀಸುಗಳ ಹಿಂದಿನ ಒಂದು ಓಣಿ. ಮರದ ಬಾಗಿಲಿನ ಸಣ್ಣ ಹೋಟೆಲ್, ಹೊರಗೆ ಕೊರಳಿಗೆ ಆಫೀಸಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರ ಕ್ಯೂ. ಬಾಗಿಲಿಗೆ ಅರ್ಧಕ್ಕೇ ಕತ್ತರಿಸಿದ ಪರದೆ, ಅದರ ಮೇಲೆ ಕಡ್ಡಿ ಚೆಲ್ಲಿದಂಥ ಅಕ್ಷರ. ಚೀನಾದವರದೋ ಜಪಾನಿನವರದೋ ಎಂದು ಅವಳು ಕ್ಯೂದಲ್ಲಿದ್ದ ಹುಡುಗಿಯನ್ನು ಕೇಳಿದಾಗ, ಜಪಾನಿನದು ಆಂಟಿ, ಇಲ್ಲಿಯ ಆಮ್ಲೆಟ್ ರೈಸ್ ಬಹಳ ಫೇಮಸ್ ಎಂದು ಗೊತ್ತಾಯಿತು. ರುದ್ರವ್ವ ತಲೆ ಎತ್ತಿ ಬೋರ್ಡಿನ ಇಂಗ್ಲಿಷನ್ನು ಕೂಡಿಸಿ ಓದಿದಳು. ಓ, ಎಮ್, ಆಮೇಲೆ ಒಂದು ಯು, ಆಮೇಲೆ ಅಕ್ಕಿ ಚೀಲದ ಮೇಲೆ ಇರುತ್ತದಲ್ಲ, ಆ ರೈಸ್. ಅಂದರೆ ಇದೇ ಓಂ ರೈಸ್. ಮಂತ್ರವೂ ಅಲ್ಲ, ಸತ್ಸಂಗವೂ ಅಲ್ಲ. ಕೂಡಲೇ ಇನ್ನೊಂದು ಆಸೆ ಚಿಗುರಿತು. ಆಮ್ಲೆಟ್ ಎಂದರೆ ಕಡಲೆ ಹಿಟ್ಟಿನದೂ ಇರುತ್ತದೆ, ಟೊಮ್ಯಾಟೊ ಆಮ್ಲೆಟ್ ಎಂದು ಅವಳೇ ರವಿವಾರ ಮಾಡುತ್ತಿದ್ದಳು. ಸಾಸಿನ ಕಲೆಗೂ ಅದು ಹೊಂದುತ್ತದೆ.

ಸರದಿ ಬಂದು ಒಳಗೆ ಕಾಲಿಟ್ಟಳೋ ಇಲ್ಲವೋ, ಕೆಲಸದವರೆಲ್ಲ ಒಟ್ಟಿಗೆ ತಲೆ ಬಗ್ಗಿಸಿ ‘ಇರಾಶೈಮಾಸೆ’ ಎಂದು ಜಪಾನೀ ಪದ್ಧತಿಯ ಸ್ವಾಗತ ಕೂಗಿದರು. ಉಳಿದದ್ದು ತಿಳಿಯಲಿಲ್ಲ, ಕಡೆಯ ‘ಮಾಸೆ’ ಮಾತ್ರ ನೆಟ್ಟಗೆ ಕಿವಿಗೆ ಬಿತ್ತು. ಮರಾಠಿಯಲ್ಲಿ ಮಾಸೆ ಎಂದರೆ ಮೀನು. ಬಂದವರಿಗೆಲ್ಲ ಮೀನು ಮೀನು ಎಂದು ಕೂಗುವ ಹೋಟೆಲ್! ಸೀರೆ ಎತ್ತಿ ಹಿಡಿದುಕೊಂಡು, ಏನನ್ನೂ ಮುಟ್ಟದೆ, ಒಂದು ಕಂಬದ ಹಿಂದಿನ ಟೇಬಲ್ಲಿಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು.

ಕಂಬದ ಆಚೆ ಮುರಿಗೆಪ್ಪ. ಎದುರಿಗೇ ಅಡುಗೆಯ ಕಟ್ಟೆ. ತಲೆಗೆ ಕಪ್ಪು ವಸ್ತ್ರ ಕಟ್ಟಿದ ಒಬ್ಬ ಹೆಂಗಸು ಬಾಣಲೆಯ ಹಿಡಿಕೆಗೆ ಮುಷ್ಟಿಯಿಂದ ಕುಟ್ಟಿ ಕುಟ್ಟಿ ಒಳಗಿನ ಹಳದಿಯನ್ನು ಉರುಳಿಸುತ್ತಿದ್ದಳು. ಅದು ಕೂಸಿನ ತಲೆದಿಂಬಿನ ಹಾಗೆ ಉಬ್ಬಿತು. ಅನ್ನದ ಗುಡ್ಡೆಯ ಮೇಲೆ ಇಟ್ಟು, ತಾಟನ್ನು ತಾನೇ ಹಿಡಿದು ಬಂದು ಅವನ ಮುಂದಿಟ್ಟು, ನಡುವೆ ಚಾಕುವಿನಿಂದ ಗೀರಿದಳು. ಹಳದಿ ಬಿಚ್ಚಿಕೊಂಡು ಅನ್ನದ ಎರಡೂ ಕಡೆ ಜಾರಿತು. ಆಮೇಲೆ ಬಗ್ಗಿ, ಕೆಂಪು ಬಾಟಲಿಯಿಂದ ಅದರ ಮೇಲೆ ಏನೋ ಬರೆದಳು. ಬರೆದು ನಕ್ಕಳು. ಮುರಿಗೆಪ್ಪ ಮಾತಾಡುತ್ತಿದ್ದ. ಕೈ ಆಡಿಸಿ ಮಾತಾಡುತ್ತಿದ್ದ. ಮನೆಯಲ್ಲಿ ಮೂರು ಮಾತಿನವನ ಬಾಯಿ ಇಲ್ಲಿ ನಿಲ್ಲಲೊಲ್ಲದು. ರುದ್ರವ್ವನಿಗೆ ಎದ್ದು ಹೋಗಿ ಆ ತಾಟನ್ನೇ ಎತ್ತಿ ಒಗೆಯಲೇ ಎನ್ನಿಸಿತು. ಆದರೆ ಅವಳು ತಪಾಸಣೆ ಮಾಡದೆ ತೀರ್ಪು ಕೊಡುವವಳಲ್ಲ. ಆ ಹಳದಿ ಕಡಲೆ ಹಿಟ್ಟೋ ಅಲ್ಲವೋ, ಅದು ಮೊದಲು ಗೊತ್ತಾಗಬೇಕು.

ಅಮೋಲ್ ಎಂದು ಎದೆಯ ಮೇಲೆ ಹೆಸರಿದ್ದ ವೇಟರ್ ನೀರು ತಂದಿಟ್ಟ. ರುದ್ರವ್ವ ಗಾಗಲು ತೆಗೆದು, ತಿಂಡಿಗಳ ಪಟ್ಟಿಯಲ್ಲಿನ ಹಳದಿ ಚಿತ್ರದ ಮೇಲೆ ಬೆರಳಿಟ್ಟಳು. ಹಿಂದಿಯಲ್ಲಿ ಮೊಟ್ಟೆಗೆ ಏನೆನ್ನುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎಂದೂ ಕೊಂಡು ತಂದ ವಸ್ತುವಲ್ಲದ್ದರಿಂದ ಆ ಶಬ್ದ ಬಾಯಲ್ಲಿ ಪಳಗಿರಲಿಲ್ಲ. ಸಿಟ್ಟು ತಲೆಗೇರಿದಾಗ ನಾಲಿಗೆ ತನಗೆ ಬೇಕಾದ್ದನ್ನೇ ಎತ್ತಿಕೊಂಡಿತು.

“ಇಸ್ ಮೇ ತತ್ತಿ ಹೈ ಕ್ಯಾ?”

ಅಮೋಲ್ ಕಣ್ಣು ಕಣ್ಣು ಬಿಟ್ಟ. ತನಗೆ ಕೇಳಿದ್ದು ತಪ್ಪಿರಬೇಕೆಂದು ಬಗ್ಗಿ, ಏನು ಮ್ಯಾಡಮ್ ಎಂದ. ಮುಚ್ಚಿಡಲು ನೋಡುತ್ತಿದ್ದಾನೆ ಎಂದು ರುದ್ರವ್ವನಿಗೆ ಖಾತ್ರಿಯಾಯಿತು. ಈ ಸಲ ದನಿ ಏರಿಸಿ, ತತ್ತಿ ಹಾಕಿದ್ದೀರೋ ಇಲ್ಲವೋ ಖರೆ ಹೇಳು, ಎಷ್ಟು ತತ್ತಿ, ಎಂದು ಹಿಂದಿಯಲ್ಲೇ ದಬಾಯಿಸಿದಳು. ಪಕ್ಕದ ಟೇಬಲ್ಲಿನ ಇಬ್ಬರು ಹುಡುಗಿಯರು ಬಾಯಿಗೆ ಒಯ್ದಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಯಾರೋ ಕೆಮ್ಮಿದರು. ಹೋಟೆಲ್ ಗಪ್ಪಾಯಿತು.

ಆ ಗಪ್ಪಿನ ನಡುವೆ ಕಂಬದ ಆಚೆಯಿಂದ ಒಂದು ನಗು ಎದ್ದಿತು. ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದ ಹಾಗೆ, ಪಟಪಟ. ರುದ್ರವ್ವ ಇದ್ದಲ್ಲೇ ಕಲ್ಲಾದಳು. ಅದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಸಿಟ್ಟು, ಸಂಶಯ ಎಲ್ಲ ಒಂದು ಗಳಿಗೆ ಪಕ್ಕಕ್ಕೆ ಸರಿದು, ಕುರ್ಲಾದ ಹೊಸ್ತಿಲೇ ಕಣ್ಣ ಮುಂದೆ ಬಂತು. ಮುರಿಗೆಪ್ಪ ಕಣ್ಣೊರೆಸಿಕೊಳ್ಳುತ್ತ, ಇದ್ಯಾರಪಾ ನಮ್ಮ ಕಡೆಯವರು ಎಂದು ಕಂಬದಾಚೆ ಕತ್ತು ಚಾಚಿದ. ಮಾಸ್ಕಿನ ಮೇಲಿನ ಆ ಎರಡು ಕಣ್ಣು ಕಂಡವು. ನಗು ಅಲ್ಲೇ ಕಡಿದು ಬಿತ್ತು.

ರುದ್ರವ್ವ ಎದ್ದು ಅವನ ಟೇಬಲ್ಲಿಗೆ ಹೋದಳು. ತಾಟಿನಲ್ಲಿ ಹಳದಿಯ ಮೇಲೆ ಕೆಂಪಗೆ ಇಂಗ್ಲಿಷಿನಲ್ಲಿ ಮುರ್ಗಿ ಎಂದು ಬರೆದಿತ್ತು. ಮೂಗಿಗೆ ಆ ಸಿಕ್ಕೂ ಸಿಗದ ವಾಸನೆ ಈಗ ಪೂರಾ ಸಿಕ್ಕಿತು. ಕಪ್ಪು ವಸ್ತ್ರದ ಹೆಂಗಸು ಓಡಿ ಬಂದು ಅವಳ ಕಾಲು ಮುಟ್ಟಿದಳು. “ಕಾಕೂ, ನಾ ಜೀನತ. ಗುಲಶನಳ ಮಗಳು,” ಎಂದಳು. ಚಾಳಿನಲ್ಲಿ ಇವಳ ತೊಡೆಯ ಮೇಲೆ ಮಲಗುತ್ತಿದ್ದ ಕೂಸು. ಈ ಹೋಟೆಲಿಗೆ ಮೊದಲು ಪಾತ್ರೆ ತೊಳೆಯಲು ಸೇರಿ, ಈಗ ಆಮ್ಲೆಟ್ಟಿನ ಕಟ್ಟೆ ಅವಳದೇ ಆಗಿತ್ತು. ಕಾಕಾನ ತಾಟಿಗೆ ಕೋಳಿ ಹಾಕುವುದಿಲ್ಲ, ಬಟಾಣಿ ಉಳ್ಳಾಗಡ್ಡಿಯ ಅನ್ನ ಅಷ್ಟೇ ಎಂದು ಆ ಹುಡುಗಿ ಒಂದೇ ಉಸಿರಿಗೆ ಹೇಳಿ, ಇಬ್ಬರ ಮುಖ ನೋಡಿ, ಮೆಲ್ಲಗೆ ಕಟ್ಟೆಯ ಕಡೆ ಸರಿದಳು.

ಬೇರೆ ಹೆಂಗಸಿಲ್ಲ. ಬಿಳಿ ಸೀರೆಯವಳೂ ಇಲ್ಲ. ರುದ್ರವ್ವನಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ಮಾಸ್ಕು ತೆಗೆದು ಕೂತಳು.

“ಯಾವಾಗಿಂದ?” ಎಂದಳು.

ಮುರಿಗೆಪ್ಪ ಚಮಚ ನೋಡುತ್ತ ಹೇಳಿದ. “ಕುರ್ಲಾದಿಂದ. ಹೊಸ್ತಿಲ ಮ್ಯಾಲ ಇಟ್ಟಿತ್ತಲ್ಲ, ಆ ತತ್ತೀನ ಮೊದಲನೇದು. ಗುಲಶನ ಆಮ್ಲೆಟ್ ಮಾಡಿದ್ಲು. ಅಬ್ದುಲ್ ಅರ್ಧಾ, ನಾ ಅರ್ಧಾ.”

ಅಂದರೆ ಇಬ್ಬರೂ ಕೂಡಿ ನಕ್ಕ ಆ ದಿನವೇ. ಆಮೇಲೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ದಿನಾ ಒಂದು ಹಾಫ್ ಫ್ರೈ, ಅಬ್ದುಲ್ ಎದುರಿಗೆ ಕೂತು. ಅವಳು ಡಬ್ಬಿ ಮೂಸಿದಳು, ಜೇಬು ತಿರುವಿದಳು, ಅಂಗಿಯ ತೋಳು ಬೆಳಕಿಗೆ ಹಿಡಿದಳು. ಹಾಲಿನವನಲ್ಲಿ, ವಾಚಮನ್‌ನಲ್ಲಿ, ಬೇಕರಿಯವನಲ್ಲಿ ಇಲ್ಲದ ಕಳ್ಳತನ ಹುಡುಕಿದಳು. ಮಗ್ಗುಲಲ್ಲಿ ಮಲಗಿದವನದು ಮಾತ್ರ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ಯೋಚಿಸುವಾಗಲೇ ಅವಳ ಕಣ್ಣು ಅವನ ಎದೆಯ ಜೇಬಿನ ಮೇಲೆ ಹೋಯಿತು. ಬೆಳಿಗ್ಗೆ ತಾನೇ ಸುತ್ತಿಟ್ಟ ಕಾಗದದ ತುದಿ ಅಲ್ಲಿ ಕಾಣುತ್ತಿತ್ತು.

“ಹಲ್ಲುನೋವು?”

“ಇಲ್ಲ. ಬಾಯಿ ವಾಸನಿ ನಿನಗ ಗೊತ್ತಾಗಬಾರದಂತ.”

ಕಳ್ಳನ ಕೈಗೆ ದಿನಾ ಕೀಲಿ ಸುತ್ತಿ ಕೊಟ್ಟವಳು ತಾನೇ. ಅದೂ ಪ್ರೀತಿಯಿಂದ, ಹರಕೆ ಹೊತ್ತು. ಒಂದು ಮಾತು ಹೇಳಬಹುದಿತ್ತಲ್ಲ, ನಾನೇನು ಹುಲಿಯೇ, ಎಂದು ಕೇಳಿದಾಗ ಅವಳ ದನಿ ಒಡೆದಿತ್ತು. ಮುರಿಗೆಪ್ಪ ಚಮಚ ಕೆಳಗಿಟ್ಟ.

“ಸಿದ್ದಲಿಂಗಪ್ಪಗ ಕಾಗದದ ತಾಟ ಹಾಕಿದ್ದಿ,” ಎಂದ. “ನಿನ್ನ ಒಡಹುಟ್ಟಿದಾಂವ. ನನ್ನ ತಾಟೂ ಬ್ಯಾರೆ ಆಗಿದ್ರ ನಾ ಎಲ್ಲಿ ಹೋಗ್ಲಿ ರುದ್ರಿ?”

ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಹೆದರಿದವನ ದನಿ ಅದು. ಇಷ್ಟು ಕಾಲ ಇವನು ತನ್ನ ಪಕ್ಕದಲ್ಲಿ ಹೆದರಿಕೊಂಡೇ ಉಂಡಿದ್ದಾನೆ ಎಂದು ರುದ್ರವ್ವನಿಗೆ ಆಗ ತಿಳಿಯಿತು. ಜೀನತ ಒಂದು ತಾಟು ತಂದಿಟ್ಟಳು, ಬರೀ ಅನ್ನ, ಮೇಲೆ ಏನೂ ಇಲ್ಲ. ಬಾಣಲೆ ಬೇರೆಯೇ ಎಂದಳು. ರುದ್ರವ್ವ ಅಭ್ಯಾಸಬಲದಿಂದ ಎದ್ದು ಹೋಗಿ, ಕಟ್ಟೆಯ ಒಳಗೆ ಇಣುಕಿ, ಬಾಣಲೆ ಮೂಸಿಯೇ ಬಂದು ಕೂತಳು. ಎರಡು ಚಮಚ ಉಂಡಳು. ಸಿಹಿ ಜಾಸ್ತಿಯಾಯಿತು ಎಂದಳು. ಅವನ ತಾಟು ಆರುತ್ತಿತ್ತು. ಉಣ್ರಿ ಎಂದು ಅವಳೂ ಹೇಳಲಿಲ್ಲ, ಅವನೂ ಮುಟ್ಟಲಿಲ್ಲ. ಹೊರಡುವಾಗ ಜೀನತಳ ತಲೆ ಸವರಿ, ನಿಮ್ಮವ್ವಗ ಫೋನ್ ಮಾಡ್ತೀನಂತ ಹೇಳು ಎಂದಳು.

ಇಬ್ಬರೂ ಮೆಟ್ರೊದಲ್ಲಿ ಪಕ್ಕಪಕ್ಕ ಕೂತು ಮನೆಗೆ ಬಂದರು. ಸಂಜೆ ರುದ್ರವ್ವ ಎಂದಿನಂತೆ ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಮಾಡಿದಳು. ಊಟಕ್ಕೆ ಬರ್ರಿ ಎಂದು ಕೂಗಲು ತಿರುಗಿದಾಗ ಮುರಿಗೆಪ್ಪ ಅಡುಗೆಮನೆಯಲ್ಲಿ ಇರಲಿಲ್ಲ. ಗ್ಯಾಲರಿಯಲ್ಲಿ ಕೂತಿದ್ದ. ಸಿದ್ದಲಿಂಗಪ್ಪ ಕೂತಿದ್ದ ಜಾಗದಲ್ಲೇ. ಕಪಾಟಿನ ಮೇಲಿಂದ ಒಂದು ಕಾಗದದ ತಾಟು ತಾನೇ ತೆಗೆದುಕೊಂಡು, ಧೂಳು ಒರೆಸಿ, ಮುಂದಿಟ್ಟುಕೊಂಡಿದ್ದ.

ಅದನ್ನು ನೋಡಿದಾಗ ರುದ್ರವ್ವನ ಎದೆ ಹರಿಯಿತು. ಇಷ್ಟು ದಿನ ತನ್ನನ್ನು ಬಿಟ್ಟು ಹೋಗುತ್ತಾನೇನೋ ಎಂದು ಹಿಂದೆ ಬಿದ್ದು ಹುಡುಕಿದವಳು, ಅವನನ್ನು ಹೊರಗೆ ಹಾಕುವವಳು ತಾನೇ ಎಂದು ಕಂಡಳು. ದೇವರ ಜಗಲಿಯ ಕಡೆ ಒಮ್ಮೆ ನೋಡಿದಳು. ಅವಳು ಮದುವೆಯಲ್ಲಿ ಬಂದ, ಇಬ್ಬರ ಹೆಸರು ಕೊರೆದ ಸ್ಟೀಲಿನ ತಾಟನ್ನು ತೆಗೆದು, ತನ್ನ ತಾಟಿನ ಪಕ್ಕ ಇಟ್ಟು, ರೊಟ್ಟಿ ಹಾಕಿದಳು.

“ಎದ್ದ ಒಳಗ ಬರ್ರಿ, ರೊಟ್ಟಿ ಆರ್ತಾವ,” ಎಂದಳು.

ಅವನು ಬಂದು ಕೂತ. ಕಾಗದದ ತಾಟುಗಳನ್ನೆಲ್ಲ ಅವಳು ಮರುದಿನ ಕಸದವನಿಗೆ ಕೊಟ್ಟಳು. 

ಸೇವಂತಿ ಕೇಳಿದ್ದಕ್ಕೆ ಸತ್ಸಂಗ ಅಲ್ಲ, ಹಳೇ ಪರಿಚಯದವರ ಹೋಟೆಲ್ ಎಂದಷ್ಟೇ ಹೇಳಿದಳು. ಸಿದ್ದಲಿಂಗಪ್ಪನಿಗೆ ಫೋನ್ ಮಾಡಲು ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದಳು. ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕಿತ್ತು. ಹಾಲಿನವನ ಮೇಲಿನ ಸಂಶಯವಂತೂ ಕೂದಲಷ್ಟೂ ಕಡಿಮೆಯಾಗಲಿಲ್ಲ. ಇನ್ನೇನಾದರೂ ಮುಚ್ಚಿಟ್ಟಿದ್ದೀರೇನು ಎಂದು ಮುರಿಗೆಪ್ಪನನ್ನೂ ದಿನಾ ಒಮ್ಮೆ ಕೇಳುತ್ತಿದ್ದಳು. ಅವನು ಇಲ್ಲ ಎನ್ನುತ್ತಿದ್ದ. ಅವಳು ನಂಬುತ್ತಿರಲಿಲ್ಲ.

ಬುಧವಾರ ಬಂತು. ಮುರಿಗೆಪ್ಪ ಹನ್ನೊಂದರವರೆಗೆ ಪೇಪರಿನಲ್ಲಿ ಮುಖ ಹುದುಗಿಸಿ ಕೂತಿದ್ದ. ಎದ್ದು ಬಂದು ನೋಡಿದರೆ ಕುರ್ಚಿಯ ಮೇಲೆ ಇಸ್ತ್ರಿಯ ಅಂಗಿ ಇತ್ತು. ಸುಮ್ಮನೆ ತೊಟ್ಟುಕೊಂಡ. ಅಭ್ಯಾಸದಿಂದ ಕೈ ಜೇಬಿಗೆ ಹೋಯಿತು, ಜೇಬು ಖಾಲಿ. ಅವನು ಅವಳ ಮುಖ ನೋಡಿದ. ರುದ್ರವ್ವ ಹತ್ತಿರ ಬಂದು, ಆ ಖಾಲಿ ಜೇಬಿನ ಮೇಲೆ ಒಮ್ಮೆ ಕೈ ಒತ್ತಿದಳು.

“ಇನ್ನ ಲವಂಗ ಯಾತಕ್ಕ?” ಎಂದಳು.